ಅಳಿಯಂದ್ರು ತಿಂದ್ರಾ?

ಊಟದ ವಿಷಯದಲ್ಲಿ ನಮ್ಮ ಮನೆಯಲ್ಲಿ ನನಗೆ ಅಂಥ ಒಳ್ಳೆಯ ಹೆಸರಿಲ್ಲ. ಉಪ್ಪಿಟ್ಟು ಕಂಡರೆ ಮುಖ ತಿರುಗಿಸುತ್ತೇನೆ, ಹಾಗಲಕಾಯಿ ಗೊಜ್ಜನ್ನು ಎಲೆಯ ಅಂಚಿಗೆ ದೂಡುತ್ತೇನೆ, ಸಾರಿನಲ್ಲಿ ಕರಿಬೇವಿನ ಕಡ್ಡಿ ಸಿಕ್ಕರೆ ಎಲ್ಲರಿಗೂ ಕಾಣುವ ಹಾಗೆ ಎತ್ತಿ ತಟ್ಟೆಯ ಪಕ್ಕ ಇಡುತ್ತೇನೆ. ಮದುವೆಯಾದ ಮೊದಲ ದೀಪಾವಳಿಗೆ ತಿಪಟೂರಿನ ಮಾವನ ಮನೆಗೆ ಹೋದಾಗ, ತೆಂಗಿನ ಸೀಮೆಯಲ್ಲಿ ಕೂತು ‘ಕಾಯಿ ಹೋಳಿಗೆ ನನಗಾಗಲ್ಲ, ಬೇಳೆಯದಾದರೆ ಒಂದು ತಿಂತೀನಿ’ ಎಂದು ಹೇಳಿ, ಅತ್ತೆಯವರನ್ನು ರಾತ್ರಿ ಒಂಬತ್ತಕ್ಕೆ ಮತ್ತೆ ಒಲೆ ಮುಂದೆ ಕೂರಿಸಿದ ಮಹಾನುಭಾವ ನಾನು. ಇಪ್ಪತ್ತೆರಡು ವರ್ಷವಾಯಿತು, ಅವರು ಮರೆತಿರಬೇಕು ಅಂದುಕೊಂಡಿದ್ದೆ. ಈಗ ಅತ್ತೆ ನಮ್ಮ ಜೊತೆ ಬೆಂಗಳೂರಲ್ಲೇ ಇದ್ದಾರೆ. ಏನನ್ನೂ ಮರೆತಿಲ್ಲ ಎಂದು ಗೊತ್ತಾದದ್ದು ಮನೆಗೆ ಚಿಟ್ಟೆ ಮೀನು ಬಂದ ಮೇಲೆ.

ಇದಕ್ಕೆಲ್ಲ ಕಾರಣ ನೇತ್ರಾಣಿ. ಮುರುಡೇಶ್ವರಕ್ಕೆ ಹೋದವರು ದೇವರಿಗೆ ಕೈ ಮುಗಿದು, ಕಡಲ ತೀರದಲ್ಲಿ ಬಜ್ಜಿ ತಿಂದು ಸುಮ್ಮನೆ ಬಂದಿದ್ದರೆ ಆಗುತ್ತಿತ್ತು. ದೋಣಿ ಹತ್ತಿ ದ್ವೀಪದ ತನಕ ಹೋದೆವು. ಹೆಂಡತಿ ದೋಣಿಯ ಅಂಚಿಗೆ ತಲೆ ಕೊಟ್ಟು ಹಿಂದಿನ ರಾತ್ರಿಯ ಊಟವನ್ನು ಕಂತುಕಂತಾಗಿ ಸಮುದ್ರಕ್ಕೆ ಒಪ್ಪಿಸುತ್ತಿದ್ದಳು. ನಾನು ಬಾಯಿಗೆ ಕೊಳವೆ ಸಿಕ್ಕಿಸಿಕೊಂಡು ನೀರಿಗಿಳಿದೆ. ಅರ್ಧ ಅರಬ್ಬೀ ಸಮುದ್ರ ಕುಡಿದ ಮೇಲೆ ಕೆಳಗೆ ನೋಡಿದರೆ, ಬಂಡೆಯ ಸಂದಿಯಲ್ಲಿ ಬೆರಣಿಯಷ್ಟಗಲದ ಎರಡು ಹಳದಿ ಮೀನು, ಗಂಡ ಹೆಂಡತಿ ಸಂತೆಗೆ ಹೊರಟ ಹಾಗೆ ಒಂದರ ಪಕ್ಕ ಒಂದು. ಚಿಟ್ಟೆ ಮೀನು ಅಂತ ಗೈಡ್ ಹೇಳಿದ. ಇವುಗಳಲ್ಲಿ 130ರಷ್ಟು ಜಾತಿಗಳಿವೆ, ಎಷ್ಟೋ ಜಾತಿಗಳು ವರ್ಷಗಟ್ಟಲೆ ಜೋಡಿ ಬಿಡುವುದಿಲ್ಲ. ದೋಣಿ ಹತ್ತಿ ಹೆಂಡತಿಗೆ, ‘ನೋಡು, ಅವು ಎಷ್ಟು ಅನ್ಯೋನ್ಯವಾಗಿವೆ’ ಎಂದೆ. ಅವಳು ಇನ್ನೊಮ್ಮೆ ವಾಂತಿ ಮಾಡಿಕೊಂಡಳು.

ಮೂರು ತಿಂಗಳಲ್ಲಿ ನಮ್ಮ ಹಾಲಿನಲ್ಲಿ ನಾಲ್ಕಡಿ ಉದ್ದದ ಗಾಜಿನ ತೊಟ್ಟಿ ಬಂದು ಕೂತಿತು. ಹಿಡಿಸುವುದು 350 ಲೀಟರ್ ನೀರು, ಅಂದರೆ ಬರೀ ನೀರೇ ಮೂರೂವರೆ ಕ್ವಿಂಟಾಲು. ಕೂತದ್ದು ದಸರಾಕ್ಕೆ ಗೊಂಬೆ ಕೂರಿಸುವ ಜಾಗದಲ್ಲಿ. ಆ ವರ್ಷ ಪಟ್ಟದ ಗೊಂಬೆ ವಾಷಿಂಗ್ ಮೆಷಿನ್ ಮೇಲೆ ರಾಜ್ಯಭಾರ ಮಾಡಿದ್ದನ್ನು ನಾನು ಇಲ್ಲಿ ವಿಸ್ತರಿಸುವುದಿಲ್ಲ, ಅದನ್ನು ವಿಸ್ತರಿಸಲು ನಮ್ಮ ಮನೆಯಲ್ಲಿ ಬೇರೆಯವರಿದ್ದಾರೆ.

ಸಮುದ್ರದ ನೀರನ್ನು ಮನೆಯಲ್ಲೇ ಕಲೆಸಬೇಕು. ಲೀಟರಿಗೆ 35 ಗ್ರಾಂ ಉಪ್ಪು, ಒಟ್ಟು ಹನ್ನೆರಡು ಕೆಜಿ ಚಿಲ್ಲರೆ. ಅಡುಗೆಯ ಉಪ್ಪು ನಡೆಯುವುದಿಲ್ಲ. ಕ್ಯಾಲ್ಸಿಯಂ, ಮೆಗ್ನೀಸಿಯಂ ಎಲ್ಲ ಅಳತೆಯಲ್ಲಿ ಸೇರಿದ ಬೇರೆ ಉಪ್ಪು ಡಬ್ಬದಲ್ಲಿ ಬರುತ್ತದೆ. ಅದರ ಬಿಲ್ಲು ನೋಡಿದ ಹೆಂಡತಿ ಒಂದು ದಿನ ನನ್ನ ಸಾರಿಗೆ ಉಪ್ಪೇ ಹಾಕಲಿಲ್ಲ. ನಾನು ಹನಿ ನೀರನ್ನು ಉಪ್ಪಿನಂಶ ಅಳೆಯುವ ರಿಫ್ರ್ಯಾಕ್ಟೋಮೀಟರಿನ ಗಾಜಿಗೆ ಬಿಟ್ಟು, ಒಂದು ಕಣ್ಣು ಮುಚ್ಚಿ, ಕಿಟಕಿಯ ಬೆಳಕಿಗೆ ಹಿಡಿದು, ವಿಜ್ಞಾನಿಯ ಗತ್ತಿನಲ್ಲಿ ‘1.025’ ಎಂದು ಘೋಷಿಸಿದೆ. ಅತ್ತೆ ಒಳಗಿನಿಂದ ಒಂದು ಆಲೂಗಡ್ಡೆ ತಂದು ಬಕೆಟ್ಟಿಗೆ ಬಿಟ್ಟರು. ಅದು ಸೀದಾ ತಳಕ್ಕೆ ಹೋಯಿತು.

‘ಅಳಿಯಂದ್ರೇ, ಉಪ್ಪು ಸಾಲದು. ಉಪ್ಪಿನಕಾಯಿ ನೀರಲ್ಲಿ ಆಲೂಗಡ್ಡೆ ತೇಲಬೇಕು.’

ಇದು ಉಪ್ಪಿನಕಾಯಿ ಅಲ್ಲ, ಸಮುದ್ರ ಎಂದು ವಿವರಿಸಿ ಆಫೀಸಿಗೆ ಹೋದೆ. ಸಂಜೆ ಬಂದು ನೋಡಿದರೆ ಬಕೆಟ್ಟಿನಲ್ಲಿ ಆಲೂಗಡ್ಡೆ ಜಂಬದಿಂದ ತೇಲುತ್ತಿತ್ತು, ಅಡುಗೆಮನೆಯ ಕಲ್ಲುಪ್ಪಿನ ಭರಣಿ ಖಾಲಿಯಾಗಿತ್ತು.

ನೀರು ಕಲೆಸಿದ ತಕ್ಷಣ ಮೀನು ಬಿಡುವ ಹಾಗಿಲ್ಲ. ತೊಟ್ಟಿಯಲ್ಲಿ ಮೊದಲು ಬ್ಯಾಕ್ಟೀರಿಯಾ ಸಂಸಾರ ಹೂಡಬೇಕು. ಒಂದು ಬಗೆಯವು ಅಮೋನಿಯಾವನ್ನು ನೈಟ್ರೈಟ್ ಮಾಡಿ ಕೊಡುತ್ತವೆ, ಇನ್ನೊಂದು ಬಗೆಯವು ನೈಟ್ರೈಟನ್ನು ನೈಟ್ರೇಟ್ ಮಾಡುತ್ತವೆ, ಥೇಟ್ ಕಚೇರಿಯ ಫೈಲಿನಂತೆ. ಆರು ವಾರ ಹಿಡಿಯಿತು. ಬಂದ ನೆಂಟರೆಲ್ಲ ದೀಪ ಹಾಕಿದ ಖಾಲಿ ತೊಟ್ಟಿಯ ಮುಂದೆ ಮರ್ಯಾದೆಯಾಗಿ ಕೂತು, ‘ಮೀನು ಒಳಗಡೆ ಮಲಗಿದಾವಾ?’ ಎಂದು ಪಿಸುಗುಟ್ಟುತ್ತಿದ್ದರು.

ಇನ್ನು ಹವಳ. ನಮ್ಮ ಕಡಲಿನ ಗಟ್ಟಿ ಹವಳಕ್ಕೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಯಲ್ಲಿ ಜಾಗ, ಹುಲಿಯ ಪಂಕ್ತಿಯಲ್ಲೇ. ಕೇಸಿಗೆ ಹೆದರುವ ಸಂಸಾರಸ್ಥ ನಾನು. ಮನುಷ್ಯರು ಮಾಡಿದ ಕಲ್ಲು ಪೇರಿಸಿ, ವಿದೇಶದಿಂದ ಬಿಲ್ಲು ಸಮೇತ ಬಂದ ಅಣಬೆಯಂಥ ಮೆತ್ತನೆ ಹವಳದ ನಾಲ್ಕು ಬಿಲ್ಲೆ ಅಂಟಿಸಿದೆ. ಅದರಲ್ಲೊಂದರ ಅಡಿಯಲ್ಲಿ ಬಿಟ್ಟಿಯಾಗಿ ಬಂದದ್ದು ಐಪ್ಟೇಸಿಯಾ.

ಕಾಂಗ್ರೆಸ್ ಗಿಡ ಗೊತ್ತಲ್ಲ, ಅದು ಉಪ್ಪು ನೀರಿಗೆ ಬಿದ್ದರೆ ಐಪ್ಟೇಸಿಯಾ. ಮೊದಲಿಗೆ ಗಾಜಿನಲ್ಲಿ ಮಾಡಿದ ಬೆರಳುದ್ದದ ತೆಂಗಿನ ಸಸಿಯ ಹಾಗಿತ್ತು. ‘ಎಷ್ಟು ಲಕ್ಷಣವಾಗಿದೆ’ ಎಂದು ಅತ್ತೆಗೆ ತವರು ನೆನಪಾಯಿತು. ಈ ಸಸಿ ಅಕ್ಕಪಕ್ಕದ ಹವಳಕ್ಕೆಲ್ಲ ಕುಟುಕುತ್ತದೆ ಎಂದು ತಿಳಿದದ್ದೇ ನಾನು ಬ್ಲೇಡು ಹಿಡಿದು ಕೆರೆದೆ. ದೇವೀಮಹಾತ್ಮೆ ಆಟ ನೋಡಿದವರು ಮುಂದಿನದನ್ನು ಊಹಿಸಬಲ್ಲರು. ಇದು ರಕ್ತಬೀಜಾಸುರನ ವಂಶ, ಉದುರಿದ ಚೂರೆಲ್ಲ ಒಂದೊಂದು ಸಸಿ. ವಾರದಲ್ಲಿ ಹದಿನೇಳು. ನಿಂಬೆರಸವನ್ನು ಸಿರಿಂಜಿನಲ್ಲಿ ತುಂಬಿ ಬಾಯಿಗೇ ಚುಚ್ಚಬೇಕಂತೆ ಎಂದು ಕೇಳಿ ಅದನ್ನೂ ಮಾಡಿದೆ. ಸಿರಿಂಜ್ ಕಟ್ಟಿಕೊಂಡಿತು, ಯಾಕೆಂದು ಹತ್ತಿರ ಹಿಡಿದು ಒತ್ತಿ ನೋಡಿದೆ. ಆ ದಿನ ಸತ್ತದ್ದು ಐಪ್ಟೇಸಿಯಾ ಅಲ್ಲ, ನನ್ನ ಬಲಗಣ್ಣು ಅರ್ಧ ದಿನ.

ಆಗ ಬಂತು ಆ ಸಂಬಂಧ. ಚಿಟ್ಟೆ ಮೀನುಗಳಲ್ಲಿ ಎಷ್ಟೋ ಜಾತಿ ಹವಳದ ಮೊಗ್ಗನ್ನಲ್ಲದೆ ಬೇರೇನನ್ನೂ ಮುಟ್ಟದ ಮಡಿವಂತರು, ಮನೆಗೆ ತಂದರೆ ತೊಟ್ಟಿ ಬೋಳಿಸುತ್ತವೆ ಅಥವಾ ಉಪವಾಸ ಸಾಯುತ್ತವೆ. ಆದರೆ ಕಾಪರ್‌ಬ್ಯಾಂಡ್ ಅಂತ ಒಂದಿದೆ. ಬೆಳ್ಳಿ ಮೈಗೆ ತಾಮ್ರದ ಬಣ್ಣದ ಪಟ್ಟೆ, ಅಕ್ಕಸಾಲಿಗನ ಚಿಮಟದಂಥ ಉದ್ದ ಮೂತಿ. 1758ರಲ್ಲೇ ಲಿನ್ನೇಯಸ್ ಅದಕ್ಕೆ ಲ್ಯಾಟಿನ್ನಿನಲ್ಲಿ ಕೊಕ್ಕಿನವನು ಎಂದು ನಾಮಕರಣ ಮಾಡಿದ್ದಾನೆ. ಈ ಕೊಕ್ಕಿನವನಿಗೆ ಐಪ್ಟೇಸಿಯಾ ಎಂದರೆ ಪ್ರಾಣ. ‘ಒಳ್ಳೆ ಮನೆತನದ ಮೀನು ಸರ್, ನಿಮ್ಮ ಕಣ್ಣೆದುರೇ ತಿನ್ನಿಸಿ ಕಳಿಸ್ತೀನಿ’ ಎಂದ ಅಂಗಡಿಯವನು. ಕಣ್ಣೆದುರೇ ಗಬಗಬ ತಿಂದಿತು. ಹೆಣ್ಣು ನೋಡಲು ಬಂದ ದಿನ ನಾನೂ ಉಪ್ಪಿಟ್ಟನ್ನು ಎರಡು ಸಲ ಹಾಕಿಸಿಕೊಂಡು ತಿಂದಿದ್ದೆ.

ಮೀನನ್ನು ಹೊಸ ನೀರಿಗೆ ಒಗ್ಗಿಸಲು ತೊಟ್ಟಿಯಿಂದ ಬಕೆಟ್ಟಿಗೆ ಸಣ್ಣ ಕೊಳವೆಯಲ್ಲಿ ತೊಟ್ಟು ತೊಟ್ಟಾಗಿ ನೀರು ಬಿಟ್ಟು ಒಂದು ಗಂಟೆ ಕಾಯಬೇಕು. ಕಾಯುತ್ತ ನಿದ್ದೆ ಹೋದೆ. ಅಷ್ಟರಲ್ಲಿ ಕೊಳವೆಯ ಗಂಟು ಸಡಿಲವಾಗಿತ್ತು. ಎಚ್ಚರವಾದಾಗ ಹಾಲಿನಲ್ಲೇ ಸಮುದ್ರ ಉಕ್ಕಿ, ನನ್ನ ಚಪ್ಪಲಿ ನೇತ್ರಾಣಿಯ ಕಡೆ ಹೊರಟಿತ್ತು.

ತೊಟ್ಟಿಗೆ ಇಳಿದ ಮೀನು ಕಲ್ಲಿನ ಸಂದಿ ಸೇರಿತು. ನಾನು ಗಾಜಿಗೆ ಮೂಗು ಒತ್ತಿ, ಅದರ ಕಣ್ಣಲ್ಲಿ ಕಣ್ಣಿಟ್ಟು, ‘ತಿನ್ನು ರಾಜಾ, ಇದು ನಿನ್ನದೇ ಮನೆ’ ಎಂದು ಎರಡು ದಿನ ರಮಿಸಿದೆ. ಅದು ಕಪ್ಪು ಕಣ್ಣನ್ನು ಮಿಟುಕಿಸದೆ ನನ್ನನ್ನೇ ನೋಡುತ್ತಿತ್ತು. ಮೂರನೇ ದಿನ ಮಗಳು ಬಂದು, ‘ಅಪ್ಪಾ, ನೀವು ಮಾತಾಡ್ತಿರೋದು ಅದರ ಬಾಲದ ಹತ್ರ’ ಎಂದಳು. ಬೆನ್ನಿನ ರೆಕ್ಕೆಯ ಹಿಂಭಾಗದಲ್ಲಿ ಇವಕ್ಕೊಂದು ಸುಳ್ಳು ಕಣ್ಣಿನ ಬೊಟ್ಟು ಇರುತ್ತದೆ, ನಿಜವಾದ ಕಣ್ಣು ಪಟ್ಟೆಯೊಳಗೆ ಅಡಗಿರುತ್ತದೆ. ಬೇಟೆಯಾಡುವ ದೊಡ್ಡ ಮೀನುಗಳನ್ನು ಏಮಾರಿಸಲಿಕ್ಕೆ ಅಂತೆ. ಎಂ.ಕಾಂ. ಓದಿದ ನಾನೂ ಏಮಾರಿದೆ.

ತಿನ್ನಲಿಲ್ಲ. ಐಪ್ಟೇಸಿಯಾದ ಪಕ್ಕದಲ್ಲೇ ಹಾದುಹೋಗುತ್ತಿತ್ತು, ಪರಿಚಯವೇ ಇಲ್ಲದ ಹಾಗೆ. ಹಿಮಗಟ್ಟಿದ ಸೀಗಡಿ ಹಾಕಿದೆ. ಮೂತಿ ಹತ್ತಿರ ತಂದು, ತಲೆ ಓರೆ ಮಾಡಿ ಒಂದೊಂದು ತುಣುಕನ್ನೂ ಪರೀಕ್ಷಿಸಿ ಬಿಟ್ಟುಬಿಡುತ್ತಿತ್ತು, ಗಂಡಿನ ಕಡೆಯ ಸೋದರತ್ತೆ ಪಲ್ಯ ಕೆದಕುವ ಹಾಗೆ. ಸೋಡಾ ಬಾಟಲಿಯಲ್ಲಿ ಉಪ್ಪು ನೀರಿಟ್ಟು, ಗಾಳಿ ಊದಿ, ಆರ್ಟೀಮಿಯಾ ಎಂಬ ಪುಟ್ಟ ಸೀಗಡಿಯ ಮೊಟ್ಟೆ ಮರಿ ಮಾಡಿಸಿ ಬಿಸಿಬಿಸಿಯಾಗಿ ಬಡಿಸಿದೆ. ಬೆಳ್ಳುಳ್ಳಿ ರಸದಲ್ಲಿ ನೆನೆಸಿ ಕೊಟ್ಟರೆ ಹಸಿವು ಹುಟ್ಟುತ್ತದೆ ಎಂದು ಯಾರೋ ಅಂದರು. ರಾತ್ರಿ ಹತ್ತು ಗಂಟೆಗೆ ಅಡುಗೆಮನೆಯಲ್ಲಿ ಬೆಳ್ಳುಳ್ಳಿ ಜಜ್ಜುತ್ತ ನಿಂತ ನನ್ನನ್ನು ಅತ್ತೆ ಬಾಗಿಲಲ್ಲಿ ನಿಂತು ಬಹಳ ಹೊತ್ತು ನೋಡಿದರು. ಆಮೇಲೆ ತುಂಬ ಮೆಲ್ಲಗೆ ಕೇಳಿದರು: ‘ಅಳಿಯಂದ್ರಿಗೆ ಬೇಳೆ ಹೋಳಿಗೆ ಮಾಡಿಕೊಡ್ಲಾ?’

ಅಂದಿನಿಂದ ಮೀನಿನ ಹೆಸರು ಅಳಿಯಂದ್ರು. ಬೆಳಿಗ್ಗೆ ಎದ್ದು ಕಾಫಿಗೆ ಮುಂಚೆ ಮನೆಯಲ್ಲಿ ಕೇಳಿಬರುವ ಮೊದಲ ಮಾತು: ‘ಅಳಿಯಂದ್ರು ತಿಂದ್ರಾ?’

ಈ ನಾಮಕರಣದ ಪರಿಣಾಮ ವಾರದಲ್ಲೇ ಕಂಡಿತು. ಭಾನುವಾರ ಬೆಳಗಿನ ಜಾವ ನನ್ನ ಭಾಮೈದ ತಿಪಟೂರಿನಿಂದ ರೈಲಿನಲ್ಲಿ ಹತ್ತು ಎಳನೀರು, ಒಂದು ಡಬ್ಬಿ ಹಾರ್ಲಿಕ್ಸು ಹೊತ್ತು ಬಂದು, ಬಾಗಿಲು ತೆಗೆದ ನನ್ನನ್ನು ನೋಡಿ ಅಲ್ಲೇ ನಿಂತುಬಿಟ್ಟ. ಕಣ್ಣಲ್ಲಿ ನೀರು. ಆಮೇಲೆ ನನ್ನ ಹೊಟ್ಟೆ ನೋಡಿದ. ನೀರು ಇಂಗಿತು. ಹಿಂದಿನ ರಾತ್ರಿ ಅತ್ತೆ ಫೋನಿನಲ್ಲಿ ಮಗನಿಗೆ ಹೇಳಿದ್ದರಂತೆ: ‘ಅಳಿಯಂದ್ರು ಎಂಟು ದಿನದಿಂದ ಒಂದು ಅಗುಳೂ ಮುಟ್ಟಿಲ್ಲ ಕಣೋ, ಹೊಟ್ಟೆ ಬೆನ್ನಿಗೆ ಹತ್ತಿದೆ, ಮೂಲೆ ಸೇರಿಬಿಟ್ಟಿದಾರೆ, ಯಾರು ಮಾತಾಡಿಸಿದ್ರೂ ಬೆನ್ನು ತಿರುಗಿಸ್ತಾರೆ.’ ವಿಷಯ ತಿಳಿದ ಮೇಲೆ ಅವನು ಹಾರ್ಲಿಕ್ಸನ್ನು ವಾಪಸ್ಸು ತಗೊಂಡು ಹೋದ. ಎಳನೀರು ಭಾರವಿತ್ತು, ಹಾಗಾಗಿ ಉಳಿಯಿತು.

ಇದರ ನಡುವೆ ಒಂದು ರಾತ್ರಿ ಎರಡು ಗಂಟೆಗೆ ಕರೆಂಟು ಹೋಯಿತು. ಸಂಜೆಯೆಲ್ಲ ಧಾರಾವಾಹಿ ನೋಡಿಸಿದ್ದ ಇನ್ವರ್ಟರ್ ಹತ್ತೇ ನಿಮಿಷಕ್ಕೆ ಕುಂಯ್ ಎಂದಿತು. ಪಂಪು ನಿಂತರೆ ನೀರಿನಲ್ಲಿ ಆಮ್ಲಜನಕ ಇಳಿಯುತ್ತದೆ. ಬೇರೆ ದಾರಿಯಿಲ್ಲದೆ ಸ್ಟೂಲು ಹತ್ತಿ, ತಂಬಿಗೆಯಲ್ಲಿ ನೀರು ಮೊಗೆದು ಮೇಲಿಂದ ಸುರಿಯುತ್ತ ನಿಂತೆ. ಮೊಗೆ, ಸುರಿ, ಮೊಗೆ, ಸುರಿ. ಬನಿಯನ್ನು, ಪಂಚೆ, ಪಕ್ಕದಲ್ಲೊಂದು ಮೇಣದಬತ್ತಿ. ನಾಲ್ಕು ಗಂಟೆಗೆ ಎದ್ದು ಬಂದ ಅತ್ತೆ ಆ ಮಂದ ಬೆಳಕಿನಲ್ಲಿ ನನ್ನನ್ನು ನೋಡಿ, ಮಾತಿಲ್ಲದೆ ಕೈ ಮುಗಿದು ಕೂತು ರುದ್ರ ಶುರು ಮಾಡಿದರು. ಜನ್ಮದಲ್ಲಿ ದೇವರ ಮನೆಗೆ ಕಾಲಿಡದ ಅಳಿಯ ದಾರಿಗೆ ಬಂದ ಅಂತ ಅವರಿಗೆ ಸಂತೋಷ. ನಾನು ಬಾಯಿ ಬಿಡಲಿಲ್ಲ. ಕೈ ಸೋತಿತ್ತು, ತಾಳ ಸಿಕ್ಕರೆ ಸುರಿಯುವುದು ಸುಲಭ.

ಹನ್ನೊಂದನೇ ದಿನ ಮೀನು ತಿಂದಿತು. ತಿಂದದ್ದು ಬೀಸಣಿಗೆ ಹುಳವನ್ನು. ಕೊಳವೆಯಿಂದ ನವಿಲುಗರಿಯಂತೆ ಅರಳುವ ಅದೊಂದನ್ನು ಮಾತ್ರ ಈ ಇಡೀ ತೊಟ್ಟಿಯಲ್ಲಿ ಹೆಂಡತಿ ಇಷ್ಟಪಟ್ಟಿದ್ದಳು, ಅವಳ ಹುಟ್ಟುಹಬ್ಬಕ್ಕೆಂದೇ ತಂದದ್ದು. ಆಫೀಸಿನಿಂದ ಬಂದಾಗ ಬರೀ ಕೊಳವೆ ನಿಂತಿತ್ತು. ‘ತಿಂತಲ್ಲ, ಅದೇ ಸಂತೋಷ’ ಎಂದು ಬಾಯಿತಪ್ಪಿ ಹೇಳಿ, ಆ ರಾತ್ರಿ ನಾನು ಉಪವಾಸವಿದ್ದೆ.

ಕೊನೆಗೆ ದಾರಿ ತೋರಿಸಿದ್ದು ಮೇಲಿನ ಮನೆಯ ಮಂಗಳೂರಿನ ಅಕ್ಕ. ‘ಮರುವಾಯಿ ಕೊಟ್ಟು ನೋಡಿ ಮಾರಾಯ್ರೆ, ತಿನ್ನದೆ ಎಲ್ಲಿಗೆ ಹೋಗ್ತದೆ?’ ಎಂದು ಪುಂಡಿ ಮಾಡಲು ತಂದಿದ್ದರಲ್ಲಿ ಹಿಡಿಯಷ್ಟು ಕೊಟ್ಟರು. ಮರುವಾಯಿ ಎಂದರೆ ಕಪ್ಪೆಚಿಪ್ಪು. ಮೂರು ತಲೆಮಾರಿನಿಂದ ಈರುಳ್ಳಿಗೂ ಯೋಚನೆ ಮಾಡಿದ ಮನೆ ನಮ್ಮದು. ಅಡುಗೆಮನೆಗೆ ತರಬಾರದು, ಫ್ರಿಡ್ಜಿಗೆ ಇಡಬಾರದು, ಬಚ್ಚಲಲ್ಲಿ ಬಿಡಿಸಿ ಸ್ನಾನ ಮಾಡಿ ಹೊರಗೆ ಬರಬೇಕು ಎಂದು ಅತ್ತೆ ಶಾಸನ ಹೊರಡಿಸಿದರು. ಸ್ಕ್ರೂಡ್ರೈವರಿನಿಂದ ಒಂದು ಚಿಪ್ಪು ಬಿಡಿಸುವಷ್ಟರಲ್ಲಿ ನನ್ನ ಎರಡು ಬೆರಳು ಬಿಡಿಸಿಕೊಂಡವು. ತೆರೆದ ಚಿಪ್ಪನ್ನು ಕಲ್ಲಿನ ಮೇಲಿಟ್ಟು, ಟಾರ್ಚು ಹಿಡಿದು, ಮೊಬೈಲಿನಲ್ಲಿ ವಿಡಿಯೋ ಮಾಡಲು ಕೂತೆ. ಮೀನು ಮೂಲೆ ಬಿಡಲಿಲ್ಲ. ಎದ್ದು ಸ್ನಾನಕ್ಕೆ ಹೋದೆ. ತಲೆಗೆ ನೀರು ಹೊಯ್ದುಕೊಳ್ಳುತ್ತಿದ್ದಾಗ ಹಾಲಿನಿಂದ ಅತ್ತೆಯ ಕೂಗು ಕೇಳಿಸಿತು:

‘ಅಳಿಯಂದ್ರು ತಿಂದ್ರು! ಅಳಿಯಂದ್ರು ತಿಂದ್ರು!’

ಟವೆಲು ಸುತ್ತಿಕೊಂಡು ಓಡಿ ಬಂದೆ. ಅತ್ತೆ ಜಪಮಣಿ ಹಿಡಿದು ತೊಟ್ಟಿಯ ಮುಂದೆ ಕೂತಿದ್ದಾರೆ. ಮೀನು ಅವರೆದುರು ಚಿಪ್ಪಿನೊಳಗೆ ಮೂತಿ ತೂರಿಸಿ, ಒಂದು ಎಳೆ ಕಿತ್ತು, ಹಿಂದೆ ಸರಿದು, ಮತ್ತೆ ತೂರಿಸಿ ಸವಿಯುತ್ತಿದೆ. ನನ್ನನ್ನು ಕಂಡದ್ದೇ ಕಲ್ಲಿನ ಹಿಂದೆ ಹೋಯಿತು. ‘ನೀವು ಹೋಗಿ, ನಾಚಿಕೆ ಪಟ್ಕೋತಾರೆ’ ಎಂದರು ಅತ್ತೆ. ಈಗಲೂ ಬಡಿಸುವುದು ಅವರೇ, ಉದ್ದನೆಯ ಇಕ್ಕಳದಲ್ಲಿ, ಸೆರಗು ಸಿಕ್ಕಿಸಿಕೊಂಡು. ನಾನು ಪರದೆ ಹಿಂದೆ ನಿಂತು ನೋಡುತ್ತೇನೆ.

ದಿನಾ ಮರುವಾಯಿ ಸಿಗುವ ಮೇಲೆ ಐಪ್ಟೇಸಿಯಾ ಯಾರು ತಿನ್ನುತ್ತಾರೆ? ಮೊನ್ನೆ ಎಣಿಸಿದೆ, ಐವತ್ತನಾಲ್ಕು. ತೋಟ ಚೆನ್ನಾಗಿ ಬಂದಿದೆ ಎನ್ನುತ್ತಾರೆ ಅತ್ತೆ.

ನಿನ್ನೆ ಭಾನುವಾರ. ತಟ್ಟೆಯಲ್ಲಿ ಉಪ್ಪಿಟ್ಟು. ನಾನು ಚಮಚದ ತುದಿಯಿಂದ ಒಂದು ಕಡೆ ಕೆದಕಿ, ತಲೆ ಓರೆ ಮಾಡಿ ನೋಡುತ್ತಿದ್ದೆ. ಹಾಲಿನಿಂದ ಅತ್ತೆ ಕೇಳಿದರು: ‘ಅಳಿಯಂದ್ರು ತಿಂದ್ರಾ?’

ಅಡುಗೆಮನೆಯಿಂದ ಹೆಂಡತಿ ಕೇಳಿದಳು: ‘ಯಾರಮ್ಮಾ, ನೀರಲ್ಲಿರೋರಾ, ಸೋಫಾದಲ್ಲಿರೋರಾ?’

ನಾನು ಇನ್ನೊಂದು ಮಾತಿಗೆ ಎಡೆಗೊಡದೆ ತಿಂದು ಮುಗಿಸಿದೆ, ಕರಿಬೇವಿನ ಕಡ್ಡಿ ಸಮೇತ.