ದೇವರ ಕಾಟಾ, ಕಾರಖಾನೆಯ ಕಾಟಾ

ಶಿರೋಳ ತಾಲೂಕಿನ ಮನುಷ್ಯ ಏನನ್ನು ಬೇಕಾದರೂ ಮಾಫಿ ಮಾಡಿಯಾನು, ತಪ್ಪಿದ ಲೆಕ್ಕವನ್ನು ಮಾತ್ರ ಮಾಡಲಾರ. ಅದರಲ್ಲಿ ಅವನ ತಪ್ಪೇನೂ ಇಲ್ಲ. ಹುಟ್ಟಿದಾಗಿನಿಂದ ಅವನ ಸುತ್ತ ಬರೀ ಅಳತೆ. ಮುಂಜಾನೆ ಎಮ್ಮೆ ಹಿಂಡಿ ಡೇರಿಗೆ ಒಯ್ದರೆ ಹಾಲಿನ ಫ್ಯಾಟ್ ನೋಡುತ್ತಾರೆ. ಕಬ್ಬು ಕಳಿಸಿದರೆ ಕಾರಖಾನೆಯ ಕಾಟಾದ ಮೇಲೆ ತೂಗಿ, ಆಮೇಲೆ ಸಕ್ಕರೆಯ ಉತಾರಾ ಎಷ್ಟು ಬಂತೆಂದು ಬರೆಯುತ್ತಾರೆ. ಮಗ ಇಚಲಕರಂಜಿಗೆ ಹೋಗಿ ಮಗ್ಗದ ಮುಂದೆ ನಿಂತನೋ, ಅಲ್ಲಿ ಪಿಕ್ಕಿಗೆ ಇಷ್ಟು ಪೈಸೆ ಎಂದು ಮಜೂರಿ. ವಿಠ್ಠಲರಾವ ದಾತಾರರು 1904ರಲ್ಲಿ ಮೊದಲ ಪಾವರ್‌ಲೂಮ್ ಕೂರಿಸಿದ ಊರದು, ಅಡ್ಡ ಬಿದ್ದ ಎಳೆಯನ್ನೂ ಎಣಿಸಿಯೇ ದುಡ್ಡು ಕೊಡುತ್ತದೆ.

ಇಂಥವರ ನಡುವೆ, ನಮ್ಮೂರು ಅಕಿವಾಟದ ಕಟ್ಟೆಯ ಮೇಲೆ, ಐತವಾರ ಸಂಜೆ ಕೂತು ಯೇಸುಸ್ವಾಮಿಯ ಸಾಮ್ಯಗಳನ್ನು ಹೇಳುವ ಕೆಟ್ಟ ಚಟ ನನಗೆ ಹತ್ತಿದೆ. ಚರ್ಚಿನಲ್ಲಿ ಈ ಕಥೆಗಳನ್ನು ಕೇಳುವಾಗ ನಾವೆಲ್ಲ ತಲೆ ಬಾಗಿಸಿ ಕೂತಿರುತ್ತೇವೆ, ಕೆಲವರು ನಿದ್ದೆಗೂ ಬಾಗಿರುತ್ತೇವೆ. ಅಲ್ಲಿ ಯಾರೂ ಕೈ ಎತ್ತಿ ತಕರಾರು ಮಾಡಿದ್ದು ನೋಡಿಲ್ಲ. ಕಟ್ಟೆಯ ಮೇಲೆ ಹಾಗಲ್ಲ. ಅಲ್ಲಿ ಜೈನರು, ಲಿಂಗಾಯತರು, ಮರಾಠರು, ಮುಸಲ್ಮಾನರು ಎಲ್ಲರೂ ಕೂಡಿ ಒಕ್ಕೊರಲಿನಿಂದ ಕೊಟ್ಟ ತೀರ್ಪು ಇದು: ಕಥೆ ಚಂದ, ವ್ಯವಹಾರ ಶೂನ್ಯ.

ಈ ಭಾಗಕ್ಕೆ ಈ ಕಥೆಗಳೇನೂ ಹೊಸವಲ್ಲ. ಕೊಲ್ಹಾಪುರಕ್ಕೆ ಅಮೆರಿಕದ ಪಾದ್ರಿ ರಾಯಲ್ ವೈಲ್ಡರ್ ಬಂದು ಬಿಡಾರ ಹೂಡಿದ್ದು 1852ರಲ್ಲಿ. ಕನ್ನಡದ ಪೂರ್ತಿ ಬೈಬಲ್ ಅದಕ್ಕೂ ಮೊದಲೇ, 1831ಕ್ಕೇ ಮುಗಿದಿತ್ತು. ಆದರೆ ಕೇಳಿದವರೆಲ್ಲ ಒಪ್ಪಿದರು ಅಂತೇನಲ್ಲ.

ಮೊದಲ ಜಗಳ ತೋಟದ ಮಾಲೀಕನದು. ದ್ರಾಕ್ಷಿ ತೋಟದ ಯಜಮಾನ ನಸುಕಿನಲ್ಲೇ ಆಳು ಕರೆಯಲು ಹೊರಟ. ದಿನಕ್ಕೊಂದು ಬೆಳ್ಳಿ ನಾಣ್ಯ ಎಂದು ಮಾತಾಯಿತು. ಒಂಬತ್ತಕ್ಕೆ ಮತ್ತೆ ಹೋದ, ಹನ್ನೆರಡಕ್ಕೆ ಹೋದ, ಮೂರಕ್ಕೆ ಹೋದ. ಸಂಜೆ ಐದಕ್ಕೂ ಪೇಟೆಯಲ್ಲಿ ಸುಮ್ಮನೆ ನಿಂತವರನ್ನು ಕಂಡು, ಬರ್ರಿ ಅಂದ. ಆರಕ್ಕೆ ಬಟವಡೆ. ಕಡೆಗೆ ಬಂದವರಿಗೆ ಮೊದಲು ಕೊಟ್ಟ, ಪೂರ್ತಿ ನಾಣ್ಯ ಕೊಟ್ಟ. ದಿನವಿಡೀ ಬಿಸಿಲಲ್ಲಿ ಬೆಂದವರಿಗೂ ಅದೇ ಒಂದು ನಾಣ್ಯ.

ಕಟ್ಟೆಯ ಮೇಲೆ ಒಂದು ಕ್ಷಣ ಯಾರೂ ಮಾತಾಡಲಿಲ್ಲ. ಆಮೇಲೆ ಕಬ್ಬು ಬೆಳೆಯುವ ತಾತ್ಯಾ ಗಂಟಲು ಸರಿಮಾಡಿಕೊಂಡರು.

"ಮಾಸ್ತರ್ರ, ಮರದಿನ ಆ ತ್ವಾಟಕ್ಕ ಮುಂಜಾನೆ ಎಷ್ಟ ಮಂದಿ ಬಂದಿದ್ರ?"

"ಅದನ್ನ ಬರದಿಲ್ಲರಿ ತಾತ್ಯಾ."

"ನಾ ಹೇಳತೀನಿ ಬರಕೊರ್ರಿ. ಒಬ್ಬರೂ ಬಂದಿಲ್ಲ. ಐದಕ್ಕ ಎಲ್ಲಾರೂ ಬಂದಾರ, ಟೋಪಿ ನೆಟ್ಟಗ ಮಾಡ್ಕೊಂಡ."

ಕಟ್ಟೆಯೆಲ್ಲ ನಕ್ಕಿತು. ಒಬ್ಬ ಹುಡುಗ ಇನ್ನೊಂದು ಹೆಜ್ಜೆ ಮುಂದೆ ಹೋದ. ಪ್ರತಿ ವರ್ಷ ಹಂಗಾಮು ಸುರುವಾಗುವ ಹೊತ್ತಿಗೆ ಜಯಸಿಂಗಪುರದಲ್ಲಿ ರಾಜು ಶೆಟ್ಟಿಯವರ ಸ್ವಾಭಿಮಾನಿ ಶೇತಕರಿ ಸಂಘಟನೆಯ ಊಸ ಪರಿಷತ್ತು ಆಗುತ್ತದಲ್ಲ, ಟನ್ನಿಗೆ ಮೊದಲ ಉಚಲು, ಅಂದರೆ ಮೊದಲ ಕಂತು, ಎಷ್ಟು ಬೇಕೆಂದು ಸಾರುವ ಸಭೆ, ಅಲ್ಲಿ ನಿಂತು ಈ ಕಥೆ ಹೇಳಿ ನೋಡಿರಿ, ಮೈಕ್ ಕಸಿದುಕೊಳ್ಳದಿದ್ದರೆ ಕೇಳಿರಿ ಎಂದ. ನಿಜ ಅನ್ನಿಸಿತು. ಹಾಗೆ ನೋಡಿದರೆ ಕಥೆಯ ಒಳಗೇ ಮುಂಜಾನೆಯ ಆಳುಗಳು ಇದೇ ತಕರಾರು ತೆಗೆಯುತ್ತಾರೆ. ತಾತ್ಯಾ ಎರಡು ಸಾವಿರ ವರ್ಷ ತಡವಾಗಿ ಬಂದರೂ ಅವರಿಗೆ ಪೂರ್ತಿ ಕೂಲಿ ಸಿಗಬೇಕಾದದ್ದೇ.

ನಾನೂ ಸುಮ್ಮನಿರುವ ಜಾತಿಯಲ್ಲ. "ತಾತ್ಯಾ, ನಿಮ್ಮ ಹೊಲದಾಗ ಕಬ್ಬ ಕಡಿಯಾಕ ಬೀಡದಿಂದ ಟೋಳಿ ಬರತೈತಲ್ಲ, ಅದರಾಗ ಒಂದು ಕೊಯ್ತಾ ಅಂದ್ರ ಎಷ್ಟ ಮಂದಿ?" ಅಂದೆ.

ಅವರಿಗೆ ಗೊತ್ತು, ಎಲ್ಲರಿಗೂ ಗೊತ್ತು. ಒಂದು ಕೊಯ್ತಾ ಅಂದರೆ ಗಂಡ ಹೆಂಡತಿ ಇಬ್ಬರೂ. ಗಂಡ ಕಡಿಯುತ್ತಾನೆ, ಹೆಂಡತಿ ಕಟ್ಟುತ್ತಾಳೆ, ಹೊರೆ ಹೊತ್ತು ಗಾಡಿ ಏರುತ್ತಾಳೆ. ಟೋಳಿ ಕಟ್ಟುವ ಮುಕಾದಮನಿಂದ ಮಳೆಗಾಲದಲ್ಲೇ ತೆಗೆದುಕೊಂಡ ಮುಂಗಡ ಉಚಲು ತೀರುವ ತನಕ ದುಡಿಯುತ್ತಾರೆ. ವಹಿಯಲ್ಲಿ ಮಾತ್ರ ಇಬ್ಬರೂ ಸೇರಿ ಒಂದು ಕತ್ತಿ.

"ನಮ್ಮ ಲೆಕ್ಕದಾಗ ಇಬ್ಬರು ಕೂಡಿ ಒಬ್ಬರಾದ್ರ ನಡೀತೈತಿ, ದೇವರ ಲೆಕ್ಕದಾಗ ಒಂದು ತಾಸು ಒಂದು ದಿನ ಆದ್ರ ನಡಿಯೂದಿಲ್ಲ, ಅಲ್ಲರಿ?"

ತಾತ್ಯಾ ಸುಣ್ಣದ ಡಬ್ಬಿ ಎಲ್ಲಿಟ್ಟೆನೆಂದು ಹುಡುಕತೊಡಗಿದರು. ಡಬ್ಬಿ ಕೈಯಲ್ಲೇ ಇತ್ತು.

ಕಟ್ಟೆ ಮರುಮಾತಿಲ್ಲದೆ ಒಪ್ಪಿದ್ದು ಬಡ ವಿಧವೆಯ ಎರಡು ಕಾಸಿನ ಕಥೆಯೊಂದನ್ನೇ. ದೇವಾಲಯದ ಪೆಟ್ಟಿಗೆಗೆ ಸಾವುಕಾರರು ಗಲಗಲ ಸುರಿದರು, ಆಕೆ ಎರಡೇ ಕಾಸು ಹಾಕಿದಳು, ಎಲ್ಲರಿಗಿಂತ ಹೆಚ್ಚು ಹಾಕಿದವಳು ಆಕೆಯೇ ಎಂದರು ಸ್ವಾಮಿ. ನಾನು ವಿವರಿಸಲು ಬಾಯಿ ತೆರೆಯುವುದರೊಳಗೆ ಡೇರಿಯ ಹುಡುಗ ಕೈ ಅಡ್ಡ ಮಾಡಿದ. "ತಿಳೀತ ಬಿಡ್ರಿ. ಲೀಟರ್ ನೋಡಿಲ್ಲ, ಫ್ಯಾಟ್ ನೋಡ್ಯಾರ." ಅದರ ಮೇಲೆ ಭಾಷ್ಯ ಬರೆಯುವ ಧೈರ್ಯ ನನಗಿಲ್ಲ.

ಬೈಬಲಿನ ಪ್ರಳಯದ ಕಥೆಯ ನೋಹನೂ ನಮ್ಮವರ ಮೆಚ್ಚಿನ ಮನುಷ್ಯ. ಅವನಿಗೆ ದೇವರು ನಾವೆ ಕಟ್ಟಲು ಹೇಳುವಾಗ ಸುಮ್ಮನೆ ದೊಡ್ಡದು ಕಟ್ಟು ಎನ್ನಲಿಲ್ಲ. ಉದ್ದ 300 ಮೊಳ, ಅಗಲ 50, ಎತ್ತರ 30 ಎಂದು ಅಳತೆ ಸಮೇತ ಕೊಟ್ಟ. ಇದು ಎಸ್ಟಿಮೇಟು, ಇದನ್ನು ನಂಬಬಹುದು, ಎಂದಿತು ಕಟ್ಟೆ. ನೀರಿನ ಮಾತಿನಲ್ಲಿ ಇಲ್ಲಿಯವರು ಪಂಡಿತರು. ಮಳೆಗಾಲ ಬಂದರೆ ಕೊಲ್ಹಾಪುರದ ರಾಜಾರಾಮ ಬಂಧಾರದ ಹತ್ತಿರ ಪಂಚಗಂಗೆ ಎಷ್ಟು ಫೂಟು ಎಂಬುದೇ ಬೆಳಗಿನ ನಮಸ್ಕಾರ: 39 ಆದರೆ ಎಚ್ಚರಿಕೆ, 43 ದಾಟಿದರೆ ಅಪಾಯ. 2019ರ ಆಗಸ್ಟಿನಲ್ಲಿ ಅದು 55ನ್ನೂ ದಾಟಿತು. ಆ ನೀರು ನರಸೋಬಾವಾಡಿಯ ಸಂಗಮದಲ್ಲಿ ಕೃಷ್ಣೆಗೆ ಕೂಡಿ ಇಡೀ ಶಿರೋಳ ತಾಲೂಕನ್ನೇ ಕೆರೆ ಮಾಡಿತು.

ದೋಣಿ ಬಂದವು, ಜವಾನರು ಬಂದರು, ಹತ್ತಿರಿ ಹತ್ತಿರಿ ಎಂದು ಕೂಗಿದರು. ಎಷ್ಟೋ ಊರುಗಳಲ್ಲಿ ಮಂದಿ ಹತ್ತಲೇ ಇಲ್ಲ. ಕಾರಣ ಎಲ್ಲರಿಗೂ ಗೊತ್ತಿದ್ದದ್ದೇ: ಎಮ್ಮೆಯನ್ನು ಏನು ಮಾಡುವುದು? ರಬ್ಬರಿನ ದೋಣಿಯಲ್ಲಿ ಎಮ್ಮೆ ಕೂಡುವುದಿಲ್ಲ, ಎಮ್ಮೆ ಬಿಟ್ಟು ಮುದುಕ ಕೂಡುವುದಿಲ್ಲ. ಪ್ರಳಯದ ಬಗ್ಗೆ ಎಲ್ಲ ಮತಗಳಲ್ಲೂ ಕಥೆ ಇದ್ದಾವು, ದನಕರುಗಳಿಗೆ ಮೊದಲೇ ಅಂಕಣ ಹಾಕಿಸಿದ ದೋಣಿ ಅಂದರೆ ಇದು ಎಂದು ತಾತ್ಯಾ ತಲೆದೂಗಿದರು.

ಎದುರು ಮನೆಯ ಜೈನ ಕಾಕೂ ಹೊಸ್ತಿಲಲ್ಲಿ ಕೂತು ಜೋಳ ಹಸನು ಮಾಡುತ್ತ ಕಟ್ಟೆಯ ಮಾತನ್ನೆಲ್ಲ ಮೊರದಲ್ಲಿ ಕೇರುವವರು. ಅಲ್ಲಿಂದಲೇ ಕೇಳಿದರು, "ಎಷ್ಟ ದಿನಾ ಇದ್ರರಿ ಮಾಸ್ತರ್ರ, ಅದರಾಗ?"

"ಮಳಿ ನಲವತ್ತ ದಿನಾ ಕಾಕೂ. ಇಳದಿದ್ದ ಒಂದ ವರ್ಷದ ಮ್ಯಾಲ."

"ನೋಹನ ಹೇಂತಿ ಹೆಸರ ಏನರಿ?"

"ಹೆಸರ ಬರದಿಲ್ಲರಿ."

"ವರ್ಷಗಟ್ಲೆ ಸಗಣಿ ಬಳದಾಕಿ ಆಕಿ. ಹೆಸರ ಎಲ್ಲಿಂದ ಬರಬೇಕ?"

ನಮ್ಮ ಐತವಾರದ ಶಾಲೆಯಲ್ಲಿ ಇಂಥ ಪ್ರಶ್ನೆ ಯಾರೂ ಕೇಳಿದ್ದಿಲ್ಲ. ಪಾದ್ರಿಗಳು ಕಾಕೂನ್ನೊಮ್ಮೆ ಕರೆಸಬೇಕು, ಆದರೆ ಕರೆಸಿದ ಮೇಲೆ ಅವರ ಕೆಲಸ ಉಳಿಯುವುದು ಕಷ್ಟ.

ಸಮಾರ್ಯದವನ ಕಥೆಗೆ ಬಂದಾಗ ಮಾತ್ರ ನಾನು ಸ್ವಲ್ಪ ಹುಷಾರಾಗಿ ಹೆಜ್ಜೆ ಇಡುತ್ತೇನೆ. ಯೆರೂಸಲೇಮಿನಿಂದ ಯೆರಿಕೋವಿಗೆ ಹೋಗುವವನನ್ನು ಕಳ್ಳರು ಬಡಿದು ಅರೆಜೀವ ಮಾಡಿ ಬಿಟ್ಟುಹೋದರು. ಪೂಜಾರಿ ನೋಡಿ ಆಚೆ ಬದಿಯಿಂದ ಹೋದ. ಗುಡಿಯ ಇನ್ನೊಬ್ಬ ಸೇವಕನೂ ಹಾಗೇ ಹೋದ. ಇಲ್ಲಿಯವರೆಗೆ ಕಟ್ಟೆಗೆ ಭಾಳ ಖುಷಿ; ಪೂಜಾರಿಗಳಿಗೆ ಬೈಗುಳ ಬಿದ್ದರೆ ಸರ್ವಧರ್ಮದ ಸಮ್ಮತಿ ಇರುತ್ತದೆ. ಆಮೇಲೆ ಬಂದವನು ಸಮಾರ್ಯದವ. ಪೆಟ್ಟು ತಿಂದವನ ಕಡೆಯ ಯೆಹೂದ್ಯರಿಗೂ ಸಮಾರ್ಯದವರಿಗೂ ಗಡಿ ತಂಟೆ. ಪೂಜೆ ನಮ್ಮ ಬೆಟ್ಟದಲ್ಲೋ ನಿಮ್ಮ ಊರಲ್ಲೋ ಎಂದು ತಲೆತಲಾಂತರದಿಂದ ಹರಿಯದ ವ್ಯಾಜ್ಯ. ಒಬ್ಬರ ಮನೆಯ ನೀರು ಇನ್ನೊಬ್ಬರಿಗೆ ಆಗದು.

"ಅಂದ್ರ ನಮ್ಮ ಸೀಮಾವಾದದಂಗ," ಎಂದ ಡೇರಿ ಹುಡುಗ.

ಅದೇ. ಬೆಳಗಾವಿಯಲ್ಲೋ ಕೊಲ್ಹಾಪುರದಲ್ಲೋ ಯಾರೋ ಒಂದು ಭಾಷಣ ಮಾಡಿದರೆ ಸಾಕು, ಬಸ್ಸಿಗೆ ಮಸಿ ಬೀಳುತ್ತದೆ, ಆ ಕಡೆಯ ಬಸ್ಸು ಆ ಕಡೆ, ಈ ಕಡೆಯ ಎಸ್ಟಿ ಈ ಕಡೆ, ಕೋಗನೊಳಿ ನಾಕಾದಲ್ಲಿ ಪೊಲೀಸರ ಸಾಲು. ಅಂಥ ದಿನ ಹೆದ್ದಾರಿಯ ಬದಿಗೆ ಬಿದ್ದ ಕೊಲ್ಹಾಪುರದವನನ್ನು ಎತ್ತಿಕೊಂಡವನು ಮಸಿ ಬಡಿಸಿಕೊಂಡ ಕರ್ನಾಟಕದ ಬಸ್ಸಿನ ಕಂಡಕ್ಟರ್ ಅಂತ ತಿಳಿಯಿರಿ, ಕಥೆ ತಂತಾನೇ ತಿಳಿಯುತ್ತದೆ ಎಂದೆ. ಇಷ್ಟು ಹೇಳಿದ ಮೇಲೆ ಒಂದು ತೊಡಕು ಬಂತು. ಅಕಿವಾಟದವರು ಇದರಲ್ಲಿ ಯಾರು? 1956ರಲ್ಲಿ ರಾಜ್ಯಗಳ ಗೆರೆ ಎಳೆದಾಗ ಚಿಕ್ಕೋಡಿ ಆಚೆ ಕನ್ನಡದ ಕಡೆ ಹೋಯಿತು, ನಾವು ಈಚೆ ಮರಾಠಿಯ ಕಡೆ ಉಳಿದೆವು. ಮನೆಯಲ್ಲಿ ಬೈಯುವುದು ಕನ್ನಡದಲ್ಲಿ, ಹೊಲದ ಸಾತಬಾರಾ ಮರಾಠಿಯಲ್ಲಿ. ಪೆಟ್ಟು ತಿಂದವನೂ ನಾವೇ, ಸಮಾರ್ಯದವನೂ ನಾವೇ. ದಾಟಿ ಹೋದವರ ಪಾತ್ರ ನಮಗಿಲ್ಲ ಎಂದು ಎಲ್ಲರೂ ಸಮಾಧಾನಪಟ್ಟುಕೊಂಡರು. ಅಷ್ಟರಲ್ಲಿ ಕಾಕೂ, ಹೋದ ತಿಂಗಳು ಮೋಟಾರ್ ಸೈಕಲ್ ಬಿದ್ದಾಗ ಮೊಬೈಲ್ ಹಿಡಿದು ಶೂಟಿಂಗ್ ಮಾಡುತ್ತ ನಿಂತವರು ಯಾವ ಊರಿನವರು ಎಂದು ಕೇಳಿದರು. ಉತ್ತರ ಬರಲಿಲ್ಲ.

ತಾತ್ಯಾರ ಕಣ್ಣು ಮಾತ್ರ ಕಥೆಯ ಬಾಲದ ಮೇಲೆ. ಸಮಾರ್ಯದವ ಗಾಯಕ್ಕೆ ಎಣ್ಣೆ, ದ್ರಾಕ್ಷಾರಸ ಹಾಕಿ ಕಟ್ಟಿ, ಛತ್ರಕ್ಕೆ ಒಯ್ದು, ಯಜಮಾನನ ಕೈಗೆ ಎರಡು ನಾಣ್ಯ ಇಟ್ಟು, ಮೇಲೆ ಖರ್ಚಾದರೆ ತಿರುಗಿ ಬರುವಾಗ ಕೊಡುತ್ತೇನೆ ಎಂದು ಹೋದನಲ್ಲ.

"ಅಂದ್ರ ಉದ್ರಿ," ಎಂದರು ತಾತ್ಯಾ. "ಗುರತ ಇಲ್ಲದಾಂವ, ಆಗದ ಜಾತಿಯಾಂವ, ಬಾಕಿ ಆಮ್ಯಾಲ ಕೊಡತೀನಂದ. ಅಂಗಡ್ಯಾಂವ ಹೂಂ ಅಂದ. ಮಾಸ್ತರ್ರ, ನಿಮ್ಮ ಸಮಾರ್ಯದವನಕಿಂತಾ ಆ ಛತ್ರದಾಂವ ದೊಡ್ಡ ಭಕ್ತ."

ಎಷ್ಟು ಪ್ರವಚನ ಕೇಳಿದ್ದೇನೆ, ಛತ್ರದವನ ಬಗ್ಗೆ ಒಬ್ಬರೂ ಒಂದು ಮಾತಾಡಿರಲಿಲ್ಲ. ಅವನಿಗೊಂದು ವಿಳಾಸವೂ ಇದೆ ಈ ಭಾಗದಲ್ಲಿ. ಕೆನಡಾದಲ್ಲಿ ಹುಟ್ಟಿದ ಡಾಕ್ಟರ್ ವಿಲಿಯಮ್ ವಾನ್ಲೆಸ್ 1889ರಲ್ಲಿ ಹಿಂದುಸ್ತಾನಕ್ಕೆ ಬಂದು, 1894ರಲ್ಲಿ ಮಿರಜಿನಲ್ಲಿ ಆಸ್ಪತ್ರೆ ತೆರೆದರು. ಇಂಗ್ಲಿಷ್ ಸರಕಾರ ಅವರಿಗೆ ಸರ್ ಪದವಿ ಕೊಟ್ಟಿತು, ಅದು ಯಾರಿಗೂ ನೆನಪಿಲ್ಲ. ಕೃಷ್ಣೆಯ ಎರಡೂ ದಂಡೆಯ ಹಳ್ಳಿಗಳಲ್ಲಿ ಉಳಿದಿದ್ದು ಒಂದೇ ಮಾತು: ಮೈಯಲ್ಲಿ ಆಗದೆ ಮುದುಕಿ ಮಾತು ಬಿಟ್ಟರೆ, ಕರು ಮಾರಿ ದುಡ್ಡು ಎಣಿಸುತ್ತಲೇ, "ಮಿರಜಕ್ಕ ಒಯ್ಯರಿ."

ಕಡೆಯದು ಎರಡು ಮಕ್ಕಳ ತಂದೆಯ ಕಥೆ, ಅದು ಕಟ್ಟೆಯಲ್ಲಿ ಇನ್ನೂ ಮುಗಿದಿಲ್ಲ. ಸಣ್ಣ ಮಗ, ಅಪ್ಪ ಬದುಕಿದ್ದಾಗಲೇ ತನ್ನ ಹಿಸ್ಸೆ ಕೇಳಿ ತೆಗೆದುಕೊಂಡು ಪರದೇಶಕ್ಕೆ ಹೋಗಿ ಉಡಾಯಿಸಿ, ಹಂದಿ ಕಾದು, ಹಸಿದು ವಾಪಸ್ ಬಂದ. ಅಪ್ಪ ಓಡಿಹೋಗಿ ತಬ್ಬಿಕೊಂಡ, ಹೊಸ ಅಂಗಿ ಹಾಕಿಸಿದ, ಉಂಗುರ ತೊಡಿಸಿದ, ಕೊಬ್ಬಿದ ಕರು ಕೊಯ್ಯಿಸಿ ಹಬ್ಬ ಮಾಡಿದ. ಹಿರಿಯ ಮಗ ಹೊಲದಿಂದ ಬಂದು, ವಾದ್ಯದ ಸಪ್ಪಳ ಕೇಳಿ, ಒಳಗೆ ಬರಲೊಲ್ಲೆ ಎಂದು ಅಂಗಳದಲ್ಲೇ ನಿಂತ.

ಕಾಕೂರ ತಕರಾರು ಮೊದಲು ಬಂತು. ಮಗ ಮನೆಗೆ ಬಂದ ಸಂತೋಷಕ್ಕೆ ಆ ಕರುವಿನ ಜೀವ ಯಾಕೆ ಹೋಗಬೇಕಿತ್ತು? ಹೋಳಿಗೆ ಮಾಡಿದ್ದರೆ ಅವನು ವಾಪಸ್ ಹೋಗುತ್ತಿದ್ದನೇ? ನನ್ನ ಹತ್ತಿರ ಜವಾಬಿರಲಿಲ್ಲ.

ತಾತ್ಯಾರದು ತಲಾಠಿಯ ಪ್ರಶ್ನೆ. "ವಾಟಣಿ ಆಗಿ ಹೋಗೈತಿ. ಸಣ್ಣಾಂವ ತನ್ನ ಪಾಲ ತಿಂದಾನ. ಉಳದದ್ದ ಹೊಲಾ, ಮನಿ, ದನಾ ಎಲ್ಲಾ ಹಿರಿಯಾಂವಂದು. ಅಂದಮ್ಯಾಗ ಆ ಕರಾ ಯಾರದ್ರಿ? ಹಿರಿಯಾನ ಕರಾ, ಅವನ್ನ ಕೇಳದ ಕೊಯ್ದಾರ!"

ಪಾಯಿಂಟಿತ್ತು. ಪುಸ್ತಕದಲ್ಲೂ ಅಪ್ಪ ಹೊರಗೆ ಬಂದು ಹಿರಿಯನಿಗೆ ಹೇಳುವುದು ಅದನ್ನೇ, ನನ್ನದೆಲ್ಲಾ ನಿನ್ನದೇ ಎಂದು. ಹಾಗೆ ಹೇಳಿ ಕರೆಯುತ್ತಾನೆ. ಇಷ್ಟು ದಿನ ದುಡಿದೆ, ನನಗೊಂದು ಆಡಿನ ಮರಿಯನ್ನೂ ಕೊಡಲಿಲ್ಲ ಎಂದು ಮಗ ಪಟ್ಟು ಹಿಡಿಯುತ್ತಾನೆ.

"ಕಡೀಕ ಒಳಗ ಹ್ವಾದ್ನೋ ಇಲ್ಲೋ?" ಎಂದರು ಕಾಕೂ.

"ಅದನ್ನ ಹೇಳಿಲ್ಲರಿ. ಕಥಿ ಅಲ್ಲಿಗೇ ನಿಲ್ಲತೈತಿ."

"ಅರ್ಧಾ ಕಥಿ ಕೇಳಾಕ ಇಷ್ಟೊತ್ತ ಕುಂದ್ರಿಸಿದ್ರೇನ?"

"ವಾಟಣಿ ಕಾಗದಕ್ಕ ಸಹಿ ಬೀಳೂತನಾ ಹೋಗಿರೂದಿಲ್ಲ ಬಿಡವ್ವ," ಎಂದರು ತಾತ್ಯಾ.

ಕಾಕೂ ಮೊರ ಕೆಳಗಿಟ್ಟರು. "ತಮ್ಮನ ಮಗಳ ಲಗ್ನದಾಗ ನೀವ ಚಪ್ಪರದ ಹೊರಗ ನಿಂತ ಅಕ್ಕಿಕಾಳ ಒಗದ ಬಂದ್ರಲ್ಲ, ಹಂಗ."

ಕಟ್ಟೆ ಒಮ್ಮೆಲೇ ಮೊಬೈಲು ನೋಡತೊಡಗಿತು. ತಾತ್ಯಾ ಮತ್ತು ಅವರ ತಮ್ಮನ ಹೊಲದ ಬಾಂದಿನ ಜಗಳ ಊರಿಗೆಲ್ಲ ಗೊತ್ತಿದ್ದದ್ದೇ, ಯಾರೂ ಬಾಯಿಬಿಟ್ಟಿರಲಿಲ್ಲ.

"ನನ್ನ ಊಟಕ್ಕ ಕರದಿದ್ರ ಹೋಗತಿದ್ದೆ," ಎಂದರು ತಾತ್ಯಾ.

"ತಮ್ಮ ಹೊರಗ ಬಂದ ಕೈ ಹಿಡದ ಜಗ್ಗಿದ್ದ. ನಾ ನೋಡೀನಿ."

"ಜಗ್ಗಿದ್ದ, ಹೌದು," ಎಂದು ತಾತ್ಯಾ ಎದ್ದು ಟೋಪಿ ಝಾಡಿಸಿಕೊಂಡರು. "ಆದ್ರ ಅಷ್ಟೊತ್ತಿಗೆ ಜಿಲೇಬಿ ಮುಗದಿತ್ತ."