ಬೋಂಡದ ಲೆಕ್ಕ

(ಹುಣಸೂರು. ಹೊಗೆಸೊಪ್ಪಿನ ಹರಾಜು ಮಾರುಕಟ್ಟೆ ಎದುರಿನ ಸಾಕಮ್ಮನ ಟೀ ಅಂಗಡಿ. ನಿವೃತ್ತ ಪಿ.ಟಿ. ಮೇಷ್ಟ್ರು ವಾಕಿಂಗ್ ಮುಗಿಸಿ ಕೂತಿದ್ದಾರೆ. ಮೈಸೂರಲ್ಲಿ ಎದೆಗೆ ಸ್ಟೆಂಟ್ ಹಾಕಿಸಿಕೊಂಡು ಬಂದ ಸಿದ್ದೇಗೌಡರ ಪ್ರವೇಶ.)

ಮೇಷ್ಟ್ರು: ಏನ್ ಗೌಡ್ರೇ, ಬಿಲ್ ಎಷ್ಟಾಯ್ತು?

ಗೌಡರು: ನಯಾಪೈಸೆ ಇಲ್ಲ ಮೇಷ್ಟ್ರೇ. ಬಿಪಿಎಲ್ ಕಾರ್ಡಿತ್ತಲ್ಲ, ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲೇ ಆಗೋಯ್ತು. ಮನೇಗೆ ವರ್ಷಕ್ಕೆ 5 ಲಕ್ಷದವರೆಗೂ ಐತೆ.

ಮೇಷ್ಟ್ರು: ಅನ್ಯಾಯ! ನಮ್ಮಂಥ ಎಪಿಎಲ್‌ನೋರಿಗೆ ಪ್ಯಾಕೇಜ್ ದರದ ಶೇ. 30 ಮಾತ್ರ. ಬೀಡಿ ಸುಟ್ಟೋರಿಗೆ ಪೂರ್ತಿ, ಬೆಳಗಾಗೆದ್ದು ಓಡೋರಿಗೆ ಮೂವತ್ತು! ಚಟ ಇರೋರು ಕೈಯಿಂದಲೇ ಕಟ್ಲಿ ಅಂತೀನಿ.

ಗೌಡರು: ಬೀಡಿ ಬಿಟ್ಟೆ ಮೇಷ್ಟ್ರೇ.

ಮೇಷ್ಟ್ರು: ಆಸ್ಪತ್ರೇಲಿ ಬೆಂಕಿಪೊಟ್ಣ ಸಿಗ್ಲಿಲ್ಲ ಅಂತ ಬಿಟ್ರಿ.

ಗೌಡರು: ಹೋಗ್ಲಿ, ನನ್ನ ಕಥೆ ಬಿಡಿ. ನಮ್ಮನೆಯವಳು ಜನ್ಮದಲ್ಲಿ ಬೀಡಿ ಮುಟ್ಟಿಲ್ಲ. ಮಳೇಲಿ ನೆಂದ ಸೊಪ್ಪು ಮುರಿದ ದಿನ ತಲೆಸುತ್ತು, ವಾಂತಿ. ನಿಕೋಟಿನ್ನು ಚರ್ಮದಿಂದ್ಲೇ ಒಳಗೆ ಹೋಯ್ತದಂತೆ. ಅವಳನ್ನ ಯಾವ ಸಾಲಲ್ಲಿ ನಿಲ್ಲಿಸ್ತೀರಿ?

ಮೇಷ್ಟ್ರು: ಅದು ಕಸುಬು. ಚಟ ಅಲ್ಲ.

ಗೌಡರು: ಆ ಕಸುಬಿಗೆ ಲೈಸೆನ್ಸ್ ಕೊಟ್ಟೋರು ಯಾರು? ಎದುರಿಗಿರೋ ಬೋರ್ಡ್ ಓದಿ: ತಂಬಾಕು ಮಂಡಳಿ, ಭಾರತ ಸರ್ಕಾರ. ಬೆಳೀರಿ ಅನ್ನೋರೂ ಅವರೇ, ಹರಾಜು ಹಾಕೋರೂ ಅವರೇ, ಪ್ಯಾಕೆಟ್ ಮೇಲೆ ಹುಣ್ಣಿನ ಚಿತ್ರ ಹಾಕಿಸೋರೂ ಅವರೇ. ನಾವು ಬೆಳೆಯೋದು ಸಿಗರೇಟಿನ ಸೊಪ್ಪು, ಸೇದೋದು ಬೀಡಿ, ಅದು ಬೇರೆ ಮಾತು. ಬೀಡಿಗೂ ತೆರಿಗೆ ಐತಲ್ಲ? ಆಸ್ಪತ್ರೆ ಬಿಲ್ಲನ್ನ ನಾನು ಕಂತಲ್ಲಿ, ಬೀಡಿ ಬೀಡಿಗೂ ಕಟ್ಟಿದೀನಿ!

ಮೇಷ್ಟ್ರು: ಸರಿ, ಕುಡಿಯೋರು?

ಗೌಡರು: ಎಂಎಸ್‌ಐಎಲ್ ಯಾರದ್ದು? ರಾಜ್ಯ ಸರ್ಕಾರದ್ದು. ಮಗನಿಗೆ ಲೇಖಕ್ ನೋಟ್‌ಬುಕ್ಕು ಮಾರೋದೂ ಅವರೇ, ಅವರಪ್ಪನಿಗೆ ಕ್ವಾರ್ಟರ್ ಮಾರೋದೂ ಅವರೇ.

ಸಾಕಮ್ಮ: (ಬಾಣಲೆಯಿಂದ ಬೋಂಡ ಎತ್ತುತ್ತಾ) ನನ್ ಹತ್ರಾನೂ ಒಂದು ಲೇಖಕ್ ಐತೆ ಮೇಷ್ಟ್ರೇ. ಸಾಲದ ಬುಕ್ಕು. ಯಾರ್ಯಾರು ಏನು ತಿಂದ್ರು, ಏನು ಸೇದಿದ್ರು, ತಾರೀಖು ಸಮೇತ. ಸರ್ಕಾರದೋರು ಕೇಳಿದ್ರೆ ಕೊಟ್ಬಿಡ್ತೀನಿ.

ಮೇಷ್ಟ್ರು: ಭೇಷ್! ದಾಖಲೆ ಅಂದ್ರೆ ಇದು. ಓದು, ಓದು.

ಸಾಕಮ್ಮ: ಗೌಡ್ರು... ಬೀಡಿ ಒಂದು ಕಟ್ಟು, ಟೀ. ಬೀಡಿ ಒಂದು ಕಟ್ಟು, ಟೀ. ಎರಡು ಹಾಳೆ ಹಿಂಗೇ. ಆಮೇಲೆ ಪಿ.ಟಿ. ಮೇಷ್ಟ್ರು...

ಮೇಷ್ಟ್ರು: ನನ್ನದ್ಯಾಕೆ?

ಸಾಕಮ್ಮ: ಸೋಮವಾರ, ವಾಕಿಂಗ್ ಆದ್ಮೇಲೆ ಬೋಂಡ ನಾಕು. ಮಂಗಳವಾರ ಬೋಂಡ ನಾಕು, ಸಕ್ಕರೆ ಜಾಸ್ತಿ ಟೀ ಎರಡು. ಬುಧವಾರ ಏಕಾದಶಿ, ಬೋಂಡ ಇಲ್ಲ...

ಮೇಷ್ಟ್ರು: ಕೇಳಿದ್ರಾ ಗೌಡ್ರೇ!

ಸಾಕಮ್ಮ: ...ಮೈಸೂರ್ ಪಾಕು ಆರು.

ಗೌಡರು: ಶುಗರ್ ಎಷ್ಟೈತೆ ಮೇಷ್ಟ್ರೇ?

ಮೇಷ್ಟ್ರು: ಅದು ನಮ್ಮ ತಂದೆಯವರಿಂದ ಬಂದದ್ದು. ವಂಶಪಾರಂಪರ್ಯ!

ಗೌಡರು: ನಮ್ಮಪ್ಪಂಗೂ ಎದೆನೋವಿತ್ತು. ಇದರಲ್ಲಿ ಅಪ್ಪನ ಪಾಲೆಷ್ಟು, ಬೀಡಿ ಪಾಲೆಷ್ಟು ಅಂತ ಅಳೆಯೋರ್ಯಾರು? ಸರ್ವೆಗೆ ಅರ್ಜಿ ಹಾಕಿದ್ರೆ, ಅವರು ಚೈನು ಹಿಡ್ಕೊಂಡು ಬರೋಷ್ಟರಲ್ಲಿ ನನ್ನ ತಿಥಿ ಊಟ ಆಗಿರ್ತದೆ.

ಮೇಷ್ಟ್ರು: (ಜೇಬು ತಡಕುತ್ತಾ) ಸಾಕಮ್ಮ, ನನ್ನ ಬಾಕಿ ಎಷ್ಟು? ತಗೊಂಡು ಆ ಹಾಳೆ ಹರಿದು ಒಲೆಗೆ ಹಾಕು.

ಸಾಕಮ್ಮ: ದುಡ್ಡು ಕೊಡಿ. ಹಾಳೆ ಹರಿಯಕ್ಕಾಗಲ್ಲ, ಹಿಂದುಗಡೆ ಡಾಕ್ಟ್ರ ಲೆಕ್ಕ ಐತೆ.

ಗೌಡರು: ಯಾವ ಡಾಕ್ಟ್ರು?

ಸಾಕಮ್ಮ: ಬೀಡಿ ಬಿಡ್ಲೇಬೇಕು ಅಂತ ನಿಮ್ಮನ್ನ ಬೈದು ಮೈಸೂರಿಗೆ ಕಳಿಸಿದ್ರಲ್ಲ, ಅವರು. ಬೋಂಡ ಎರಡು, ಸಿಗರೇಟು ಮೂರು.