ತಲೆಬರಹಕ್ಕೆ ಬಾಲ ಬೇಕೆ?

ವೈಟ್‌ಫೀಲ್ಡಿನಲ್ಲಾಗಲಿ ಎಲೆಕ್ಟ್ರಾನಿಕ್ ಸಿಟಿಯಲ್ಲಾಗಲಿ ಸಾಫ್ಟ್‌ವೇರ್ ಬರೆಯುವವರು ಜೊತೆಗೊಂದು ‘ರೀಡ್‌ಮೀ’ ಕಡತವನ್ನೂ ಬರೆದಿಡಬೇಕು. ‘ನನ್ನನ್ನು ಓದಿ’ ಎಂದು ಹೆಸರಿನಲ್ಲೇ ಅಂಗಲಾಚಿದರೂ ಅದನ್ನು ಓದುವವರು ಕಡಿಮೆ. ಅದರ ತಲೆಬರಹ ಹೇಗಿರಬೇಕೆಂಬ ಜಗಳಕ್ಕೆ ಮಾತ್ರ ಜನರ ಬರವಿಲ್ಲ. 2004ರಲ್ಲಿ, ಇಂಥ ಕಡತ ಬರೆಯಲು ಬಳಸುವ ಗುರುತುಶೈಲಿಯಾದ ಮಾರ್ಕ್‌ಡೌನ್ ಹೊರತಂದ ಜಾನ್ ಗ್ರೂಬರ್ ಎರಡು ದಾರಿಯನ್ನೂ ತೆರೆದಿಟ್ಟರು: ಸಾಲಿನ ಮುಂದೆ # ಹಾಕಿ, ಇಲ್ಲವೇ ಸಾಲಿನ ಕೆಳಗೆ ===== ಎಳೆಯಿರಿ. ಮೊದಲನೆಯದು ಆರನ್ ಸ್ವಾರ್ಟ್ಜ್ ಅವರ ಇಂಥದ್ದೇ ಶೈಲಿಯಾದ ಎಟಿಎಕ್ಸ್‌ನಿಂದ ಬಂದದ್ದು, ಎರಡನೆಯದು ಅದಕ್ಕೂ ಹಳೆಯ ಸೆಟೆಕ್ಸ್ಟ್‌ನ ಬಳುವಳಿ. ನನ್ನ ಓಟು ಹ್ಯಾಶ್‌ಗೆ. ಮೆಜೆಸ್ಟಿಕ್‌ನಿಂದ ವೈಟ್‌ಫೀಲ್ಡ್ ಕಡೆಗೆ ಹೋಗುವ 335ಇ ಬಸ್ಸನ್ನೇ ನೋಡಿ. ಹಣೆಯ ಮೇಲಿನ ಬೋರ್ಡು ಕಂಡೊಡನೆ ಹತ್ತಬೇಕೋ ಬೇಡವೋ ಗೊತ್ತಾಗುತ್ತದೆ. ಅಡಿಗೆರೆಯ ತಲೆಬರಹವೋ, ಹಿಂದೆ ಮಾತ್ರ ಬೋರ್ಡು ತೂಗುಹಾಕಿಕೊಂಡ ಬಸ್ಸು. ಅದೇನೆಂದು ತಿಳಿಯುವುದು ನಮ್ಮನ್ನು ದಾಟಿಹೋದ ಮೇಲೆ. ಇನ್ನು ಮಟ್ಟಗಳ ಲೆಕ್ಕ. ಹ್ಯಾಶ್ ಆರರವರೆಗೆ ಇಳಿಯುತ್ತದೆ, ಮಾರ್ಕ್‌ಡೌನಿನ ಅಡಿಗೆರೆ ಎರಡಕ್ಕೇ ಸುಸ್ತು. ಕೈಗಾರಿಕಾ ಪ್ರದೇಶ, ಹಂತ, ಮೇನ್, ಕ್ರಾಸ್, ಶೆಡ್ ನಂಬರ್ ಎಂದು ಇಳಿಯುವ ಪೀಣ್ಯದ ವಿಳಾಸವನ್ನು ಎರಡೇ ಮಟ್ಟದಲ್ಲಿ ಮುಗಿಸಿದರೆ ಕೊರಿಯರ್ ಹುಡುಗ ಸಾಯಂಕಾಲದವರೆಗೂ ಎರಡನೇ ಹಂತದಲ್ಲೇ ಸುತ್ತುತ್ತಿರುತ್ತಾನೆ.

ಅಡಿಗೆರೆ ಕಣ್ಣಿಗೆ ಅಂದ ಎನ್ನುತ್ತೀರಿ. ಒಪ್ಪಿದೆ, ನೋಟ್‌ಬುಕ್ಕಿನಲ್ಲಿ ಸ್ಕೇಲಿಟ್ಟು ಜೋಡಿಗೆರೆ ಎಳೆದೇ ಮೇಷ್ಟ್ರ ಮನಸ್ಸು ಗೆದ್ದವರು ನಾವು. ಆದರೆ ಆ ಅಂದ ಅಳತೆ ಕೂಡಿಬಂದಾಗ ಮಾತ್ರ. ‘ಶ್ರೀ’ ನಮ್ಮ ಕಣ್ಣಿಗೆ ಒಂದೇ ಅಕ್ಷರ, ಯೂನಿಕೋಡ್ ಲೆಕ್ಕದಲ್ಲಿ ನಾಲ್ಕು; ಅದರ ಕೆಳಗೆ ಎಷ್ಟು = ಇಡುವುದು? ಮಾರ್ಕ್‌ಡೌನ್ ಉದಾರಿ, ಒಂದಿದ್ದರೂ ಸೈ ಎನ್ನುತ್ತದೆ. ಪೈಥಾನ್ ಮಂದಿಯ ರೀಸ್ಟ್ರಕ್ಚರ್ಡ್‌ಟೆಕ್ಸ್ಟ್ ಹಾಗಲ್ಲ, ಗೆರೆ ಮೋಟಾಯಿತೆಂದು ಗದರುತ್ತದೆ. ತಲೆಬರಹಕ್ಕೊಂದು ಪದ ಸೇರಿಸಿದಿರೋ, ಮಗು ಬೆಳೆದಂತೆ ಪ್ಯಾಂಟಿನ ಮಡಿಕೆ ಬಿಚ್ಚುವ ಹಾಗೆ ಗೆರೆಯನ್ನೂ ಉದ್ದ ಮಾಡಬೇಕು. ಪೈಥಾನ್‌ನಲ್ಲಿ # ಎಂದರೆ ಟಿಪ್ಪಣಿಯಲ್ಲವೆ, ಗೊಂದಲವಾಗದೆ ಎನ್ನುವವರೂ ಇದ್ದಾರೆ. ಆಫೀಸಿನಲ್ಲಿ ಮ್ಯಾನೇಜರಾದವನು ಮನೆಯಲ್ಲಿ ಕೊತ್ತಂಬರಿ ಕಟ್ಟು ತರುವವನು, ಯಾರಿಗೂ ಗೊಂದಲವಾಗಿಲ್ಲ. ಹಳೆಯ ಕಡತ ಪೂರ್ತಿ ಅಡಿಗೆರೆಯಲ್ಲೇ ಇದ್ದರೆ ಹಾಗೇ ಮುಂದುವರಿಸಿ. ಮಾರ್ಕ್‌ಡೌನ್‌ಲಿಂಟ್ ಎಂಬ ತಪಾಸಣೆಯ ಸಾಧನ ಕೂಡ, ನಾವಾಗಿ ಬೇರೆ ಹೇಳದಿದ್ದರೆ, ಯಾವ ಶೈಲಿ ಎಂದು ಕೇಳುವುದಿಲ್ಲ. ಕಡತದುದ್ದಕ್ಕೂ ಒಂದೇ ತಾನೆ ಎಂದಷ್ಟೇ ನೋಡುತ್ತದೆ. ಹೊಸ ಕಡತವಾದರೆ ಮಾತ್ರ ಬೋರ್ಡನ್ನು ಹಣೆಗೇ ಹಚ್ಚಿ. ಆಗಲಾದರೂ ಆ ರೀಡ್‌ಮೀಯನ್ನು ಯಾರಾದರೂ ಹತ್ತಿಯಾರು.